ಒಂದು ಕುರ್ಚಿ, ಎರಡು ಅರ್ಜಿ: ಕಾಸರಗೋಡಿನ ವಿದ್ಯಾರ್ಥಿ ತಂಡವೊಂದರ ಪ್ರಕರಣ ಅಧ್ಯಯನ

ವಿದ್ಯಾರ್ಥಿಗಳ ವಿನ್ಯಾಸ ಯೋಜನೆಗೆ ದೊಡ್ಡ ಮೊತ್ತ ಬೇಕಾಗುವುದು ಕಡಿಮೆ. ಮೂವತ್ತೋ ನಲವತ್ತೋ ಸಾವಿರ ಸಿಕ್ಕಿದರೆ ಸಾಕು. ಆ ಹಣವನ್ನು ಕೇಳುವುದು ಹೇಗೆಂದು ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಕೆಲಸ ಅರ್ಧಕ್ಕೇ ನಿಂತುಹೋಗುತ್ತದೆ. ಕಾಸರಗೋಡು ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಐದು ಮಂದಿ ವಿದ್ಯಾರ್ಥಿಗಳು ಒಂದು ಮಗುವಿಗೆ ಕುರ್ಚಿ ಮಾಡಿಕೊಡಲು ಹೊರಟರು. ಮೊದಲ ಅರ್ಜಿ ತಿರಸ್ಕಾರವಾಯಿತು, ಎರಡನೆಯದಕ್ಕೆ ಹಣ ಬಂತು. ಮಗು ಅದೇ, ತಂಡವೂ ಹೆಚ್ಚುಕಡಿಮೆ ಅದೇ. ನಡುವೆ ಏನು ಬದಲಾಯಿತು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ನಾನು ಅದೇ ಕಾಲೇಜಿನಲ್ಲಿ ಪಾಠ ಮಾಡುವವಳು. ಮೊದಲ ಅರ್ಜಿ ವಾಪಸ್ ಬಂದ ಮೇಲೆ "ಒಮ್ಮೆ ಓದಿ ನೋಡಿ ಮೇಡಂ" ಅಂತ ಅವರು ನನ್ನ ಹತ್ತಿರ ತಂದರು. ಮಗುವಿನ, ಮನೆಯವರ, ವಿದ್ಯಾರ್ಥಿಗಳ ಹೆಸರು ಹಾಕಿಲ್ಲ. ಹಣ ಕೊಟ್ಟವರ, ಕೊಡದವರ ಹೆಸರೂ ಇಲ್ಲಿ ಬೇಡ.

ಮಗುವಿಗೆ ಆಗ ಒಂಬತ್ತು ವರ್ಷ. ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಸಿಗದ ಸ್ಥಿತಿ. ಕುತ್ತಿಗೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ಬೆನ್ನು ನಿಲ್ಲುವುದಿಲ್ಲ. ಮನೆ ಗುಡ್ಡದ ಬದಿಯಲ್ಲಿದೆ. ರಸ್ತೆಯಿಂದ ಅಂಗಳಕ್ಕೆ ಇಳಿಯಲು ಮುರಕಲ್ಲಿನ ಮೆಟ್ಟಿಲು. ಅಪ್ಪ ಅಡಿಕೆ ತೋಟದ ಕೆಲಸಕ್ಕೆ ಹೋಗುತ್ತಾರೆ, ಅಮ್ಮ ಮನೆಯಲ್ಲೇ ಕೂತು ಬೀಡಿ ಕಟ್ಟುತ್ತಾರೆ. ಕೂಲಿ ಸಾವಿರ ಬೀಡಿಗೆ ಇಷ್ಟು ಅನ್ನುವ ಲೆಕ್ಕದಲ್ಲಿ ಸಿಗುವುದರಿಂದ ಕೈ ನಿಂತರೆ ದುಡ್ಡೂ ನಿಂತ ಹಾಗೆ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡರೆ ಬೀಡಿ ಕಟ್ಟಲು ಆಗುವುದಿಲ್ಲ, ಚಾಪೆಯ ಮೇಲೆ ಮಲಗಿಸಿದರೆ ಅದಕ್ಕೆ ಮಾಡಿನ ಹಂಚಲ್ಲದೆ ಬೇರೇನೂ ಕಾಣುವುದಿಲ್ಲ. ಯಾರೋ ದಾನವಾಗಿ ಕೊಟ್ಟ ಒಂದು ಗಾಲಿಕುರ್ಚಿ ಜಗಲಿಯಲ್ಲಿತ್ತು. ಅದು ದೊಡ್ಡವರ ಅಳತೆಯದು.

"ಕುರ್ಚಿ ಉಂಟು ಮೇಡಂ. ಬಾಗಿಲಲ್ಲಿ ಒಳಗೆ ಬರುವುದಿಲ್ಲ, ಹೊರಗೆ ಹೋದರೆ ಅಂಗಳ ದಾಟುವುದಿಲ್ಲ. ಎಂತ ಮಾಡುವುದು?" ಅಂದರು ಅಮ್ಮ. ಇಡೀ ಯೋಜನೆ ಈ ಮಾತಿನಲ್ಲೇ ಇತ್ತು. ಮೊದಲ ಅರ್ಜಿಯಲ್ಲಿ ಮಾತ್ರ ಇದು ಎಲ್ಲೂ ಇರಲಿಲ್ಲ.

ಮೊದಲ ಅರ್ಜಿಯಲ್ಲಿ ಏನಿತ್ತು

ಹತ್ತು ಪುಟದ ಅರ್ಜಿ ಅದು. ಮೊದಲ ಮೂರು ಪುಟ ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಚರಿತ್ರೆ. ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದದ್ದು, ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆದ ಆ ಸಿಂಪಡಣೆ 2000ದಲ್ಲಿ ನಿಂತದ್ದು, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ಅನ್ವಯಿಸುವ ತಡೆ ಕೊಟ್ಟದ್ದು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಹೇಳಿದ್ದು, ಎಲ್ಲವೂ ಇತ್ತು. ಒಂದೂ ಸುಳ್ಳಲ್ಲ. ಈ ಊರಿನವರು ಅದನ್ನು ಮರೆಯಲೂ ಬಾರದು. ಆದರೆ ಒಂಬತ್ತು ವರ್ಷದ ಈ ಮಗು ಹುಟ್ಟುವ ಎಷ್ಟೋ ಮೊದಲೇ ಸಿಂಪಡಣೆ ನಿಂತಿತ್ತು. ಮಗುವಿನ ಸ್ಥಿತಿಗೆ ಕಾರಣ ಏನು ಅನ್ನುವುದನ್ನು ವೈದ್ಯರು ಹೇಳಬೇಕು. ಕುರ್ಚಿಗೆ ಹಣ ಕೇಳುವ ಕಾಗದದಲ್ಲಿ ತೀರ್ಮಾನ ಮಾಡುವ ವಿಷಯ ಅದಲ್ಲ. ಓದುವವರಿಗೆ ಮೂರು ಪುಟ ಕಳೆದರೂ ಮಗು ಕೂರುವುದು ಹೇಗೆ ಅಂತ ಗೊತ್ತಾಗುತ್ತಿರಲಿಲ್ಲ.

ನಾಲ್ಕನೇ ಪುಟದಿಂದ ಯಂತ್ರ ಶುರು. ಕುರ್ಚಿಯ ಬೆನ್ನು ತಾನಾಗಿ ಮೇಲೆ ಕೆಳಗೆ ಆಗಲು ಮೋಟಾರು, ಒತ್ತಡ ತಿಳಿಯುವ ಸೆನ್ಸರು, ಇವನ್ನೆಲ್ಲ ನಡೆಸುವ ಆರ್ಡುಯಿನೋ ಅನ್ನುವ ಚಿಕ್ಕ ಎಲೆಕ್ಟ್ರಾನಿಕ್ ಬೋರ್ಡು, ಬ್ಯಾಟರಿ, ಅಮ್ಮನ ಫೋನಿಗೆ ಒಂದು ಆ್ಯಪ್. ಒಟ್ಟು 86,000 ರೂಪಾಯಿ. ಮಳೆಗಾಲದಲ್ಲಿ ಆ ಮನೆಯಲ್ಲಿ ದಿನಗಟ್ಟಲೆ ಕರೆಂಟು ಇರುವುದಿಲ್ಲ. ಅಮ್ಮನ ಹತ್ತಿರ ಇದ್ದದ್ದು ಗುಂಡಿಯ ಫೋನು. ತಂಡದ ಮಕ್ಕಳು ಎಲೆಕ್ಟ್ರಾನಿಕ್ಸಿನಲ್ಲಿ ಹುಷಾರು. ತಮಗೆ ಚೆನ್ನಾಗಿ ಬರುವುದನ್ನೇ ಅರ್ಜಿಯಲ್ಲಿ ತೋರಿಸಿದ್ದರು. ಕಾಲೇಜಿನಲ್ಲಿ ಅಂಕ ಸಿಗುವುದೂ ಅದಕ್ಕೇ ಅಲ್ವಾ?

ತಿರಸ್ಕಾರದ ಪತ್ರ ಚಿಕ್ಕದು. ಅದರ ತಾತ್ಪರ್ಯ ಇಷ್ಟು: ಬಳಸುವವರ ಜೊತೆ ಕೂತು ಕೆಲಸ ಮಾಡಿದ ಗುರುತು ಕಾಣಿಸುತ್ತಿಲ್ಲ, ಕುರ್ಚಿ ಪ್ರಯೋಜನಕ್ಕೆ ಬಂತೋ ಇಲ್ಲವೋ ಅಂತ ಅಳೆಯುವುದು ಹೇಗೆಂದು ಹೇಳಿಲ್ಲ, ಬಜೆಟ್ಟಿನಲ್ಲಿ ಒಂದೇ ಮಾದರಿಗೆ ಹಣ ಇಟ್ಟಿದ್ದೀರಿ. ಮಕ್ಕಳಿಗೆ ಮೂರನೆಯ ಮಾತು ಅರ್ಥವಾಗಲಿಲ್ಲ. ಒಂದು ಕುರ್ಚಿಗೆ ಒಂದೇ ಮಾದರಿ ಸಾಕಲ್ಲ ಅಂದರು. ಎಲ್ಲಕ್ಕಿಂತ ಮುಖ್ಯವಾದದ್ದು ಆ ಮೂರನೆಯ ಮಾತೇ ಅಂತ ನನಗೆ ಅನಿಸಿತು, ಈಗಲೂ ಅನಿಸುತ್ತದೆ.

ಯಾವ ಬಾಗಿಲು ತಟ್ಟುವುದು

ತಂಡದ ಒಬ್ಬ ಹುಡುಗನ ದೊಡ್ಡಪ್ಪನ ಮಗ ಮಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಿಂದ ತಮಗೆ ಪ್ರಾಜೆಕ್ಟ್ ನೆರವು ಸಿಗುತ್ತದೆ, ನೀವೂ ಹಾಕಿ ಅಂದನಂತೆ. ಮಂಡಳಿಯ ಕಚೇರಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. ವಿದ್ಯಾರ್ಥಿ ಯೋಜನೆಗಳಿಗೆ ನೆರವು ಕೊಡುವ ಕಾರ್ಯಕ್ರಮ ಅಲ್ಲಿ 1977ರಿಂದ ನಡೆಯುತ್ತಿದೆ. ಒಳ್ಳೆಯ ಕಾರ್ಯಕ್ರಮ, ಆದರೆ ಅದು ಕರ್ನಾಟಕದ ಕಾಲೇಜುಗಳಿಗೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ತುಳು ಮಾತಾಡಿದರೂ ಕಾಲೇಜು ಕೇರಳದ್ದು. ಗಡಿಯ ಈಚೆ ಇರುವವರು ಇದನ್ನು ಮೊದಲೇ ತಿಳಿದಿರಬೇಕು. ಇಂಥ ಕಡೆ ನೋಡುವುದು ಕಾಲೇಜು ಯಾವ ರಾಜ್ಯದಲ್ಲಿದೆ ಅಂತ, ವಿದ್ಯಾರ್ಥಿಯ ಮನೆ ಎಲ್ಲಿದೆ ಅಂತಲ್ಲ. ಮಂಜೇಶ್ವರದಿಂದಲೋ ಬದಿಯಡ್ಕದಿಂದಲೋ ದಿನಾ ಮಂಗಳೂರಿಗೆ ಬಸ್ಸಿನಲ್ಲಿ ಹೋಗಿ ಓದುವ ಮಕ್ಕಳು ತಮ್ಮ ಕಾಲೇಜಿನ ಮೂಲಕ ಅದಕ್ಕೆ ಧಾರಾಳವಾಗಿ ಹಾಕಬಹುದು. ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ.

ಕೇರಳದ ಕಡೆ ರಾಜ್ಯ ವಿಜ್ಞಾನ, ತಂತ್ರಜ್ಞಾನ ಮತ್ತು ಪರಿಸರ ಮಂಡಳಿ ಇದೆ. ಕೇರಳ ಸ್ಟಾರ್ಟಪ್ ಮಿಷನ್ನಿನ ಐಇಡಿಸಿ (ನಾವೀನ್ಯ ಮತ್ತು ಉದ್ಯಮಶೀಲತೆ ಬೆಳೆಸುವ) ಘಟಕಗಳು ಕಾಲೇಜುಗಳ ಒಳಗೇ ಇವೆ. ರಾಜ್ಯ ಸರ್ಕಾರದ ನಾವೀನ್ಯ ಮಂಡಳಿ ಕೆ-ಡಿಸ್ಕ್ ನಡೆಸುವ ಯುವ ನಾವೀನ್ಯಕಾರರ ಕಾರ್ಯಕ್ರಮವೂ ಇದೆ. ಕೇಂದ್ರದ ನಿಧಿ-ಪ್ರಯಾಸ್ ಅನ್ನುವ ಯೋಜನೆ ಮಾದರಿ ತಯಾರಿಗೆ ಹತ್ತು ಲಕ್ಷದವರೆಗೆ ಕೊಡುತ್ತದೆ. ಅದು ಮುಂದೆ ಉದ್ದಿಮೆ ಕಟ್ಟುವ ಯೋಚನೆ ಇರುವವರಿಗೆ. ಒಂದು ಮಗುವಿನ ಕುರ್ಚಿಯನ್ನು ಎಳೆದು ಅಲ್ಲಿ ಕೂರಿಸಲು ಹೋದರೆ ಕುರ್ಚಿಯೂ ಹಾಳು, ಅರ್ಜಿಯೂ ಹಾಳು. ಎಂಜಿನಿಯರುಗಳ ಅಂತಾರಾಷ್ಟ್ರೀಯ ಸಂಘವಾದ ಐಇಇಇಯ ವಿದ್ಯಾರ್ಥಿ ಶಾಖೆ ಇರುವ ಕಾಲೇಜಾದರೆ ಅದರ ಎಪಿಕ್ಸ್ ಕಾರ್ಯಕ್ರಮ ನೋಡಬಹುದು. ವಿದ್ಯಾರ್ಥಿಗಳು ಊರಿನ ಸೇವಾ ಸಂಸ್ಥೆಯ ಜೊತೆ ಸೇರಿ ಮಾಡುವ ಕೆಲಸಕ್ಕೆ 500ರಿಂದ 10,000 ಡಾಲರಿನವರೆಗೆ ಕೊಡುತ್ತಾರೆ. ಶಾಲಾ ಮಕ್ಕಳಿಗೆ ಕೇಂದ್ರದ ಇನ್‌ಸ್ಪೈರ್ ಮಾನಕ್ ಯೋಜನೆ ಇದೆ. ಆಯ್ಕೆಯಾದ ಯೋಚನೆಗೆ 10,000 ರೂಪಾಯಿ ನೇರ ಮಗುವಿನ ಖಾತೆಗೆ ಬರುತ್ತದೆ. ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಟೀಚರುಗಳು ಇದರ ಮೇಲೆ ಇನ್ನೂ ಜಾಸ್ತಿ ಗಮನ ಇಡಬೇಕು ಅಂತ ನನ್ನ ಆಸೆ.

ಇವರು ಎರಡನೇ ಸಲ ಆರಿಸಿದ್ದು ಸಮುದಾಯದ ಕೆಲಸಕ್ಕೇ ಅಂತ ಹಣ ಇಟ್ಟಿರುವ ಒಂದು ಸಣ್ಣ ನಿಧಿ. ಅದರ ಮಿತಿ 40,000 ರೂಪಾಯಿ. ಮಿತಿ ಚಿಕ್ಕದಾದದ್ದು ಒಳ್ಳೆಯದೇ ಆಯಿತು, ಮೋಟಾರಿನ ಮಾತು ಅಲ್ಲಿಗೇ ಮುಗಿಯಿತು.

ಮನೆಯೊಳಗೆ ಅಳತೆ

ಬರೆಯುವ ಮೊದಲು ಮನೆಗೆ ಹೋಗಿ ಕೂರಿ ಅಂದೆ. ಪ್ರಶ್ನಾವಳಿ ಹಿಡಿದುಕೊಂಡು ಹೋಗುವುದು ಬೇಡ, ಬೆಳಗ್ಗೆಯಿಂದ ಸಂಜೆ ತನಕ ಸುಮ್ನೆ ಇದ್ದು ನೋಡಿ ಅಂತ ಹೇಳಿದ್ದು. ಬದಿಯಡ್ಕ ಕಡೆಯ ಹುಡುಗನೊಬ್ಬ ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು. ಕ್ಲಾಸಿನಲ್ಲಿ ಬಾಯಿ ಬಿಡುವುದು ಕಡಿಮೆ. ಅಲ್ಲಿ ಅಮ್ಮನ ಜೊತೆ ತುಳುವಿನಲ್ಲಿ ಮಾತಾಡುತ್ತಾ "ಅಕ್ಕ, ಊಟ ಕೊಡುವುದು ಎಲ್ಲಿ ಕೂತು?" "ಅಕ್ಕ, ಕೆಮ್ಮು ಬರುವುದು ಯಾವಾಗ?" ಅಂತ ಕೇಳಿ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡ. ಮುಂದೆ ಅರ್ಜಿಯ ಎರಡು ಮುಖ್ಯ ಪುಟ ಹುಟ್ಟಿದ್ದು ಆ ಪುಸ್ತಕದಿಂದ.

ಅವರು ಕಂಡದ್ದು ಇದು. ಮನೆಯವರೆಲ್ಲ ದಿನದ ಹೆಚ್ಚಿನ ಹೊತ್ತು ಕೂರುವುದು ನೆಲದಲ್ಲಿ. ಬೀಡಿ ಕಟ್ಟುವುದು, ಅಕ್ಕಿ ಆರಿಸುವುದು, ಅಕ್ಕಪಕ್ಕದವರು ಬಂದರೆ ಮಾತು, ಎಲ್ಲ ಅಲ್ಲೇ. ಮಗು ಎತ್ತರದ ಕುರ್ಚಿಯಲ್ಲಿ ಕೂತರೆ ಮನೆಯವರಿಂದ ದೂರವಾಗುತ್ತದೆ. ಹಾಗಾಗಿ ಕೂರುವ ಜಾಗ ನೆಲದಿಂದ ಒಂದು ಗೇಣಿನಷ್ಟೇ ಮೇಲಿರಬೇಕು. ಜಗಲಿಯಿಂದ ಅಡಿಗೆಕೋಣೆಗೆ ಹೋಗಲು ಎರಡು ಹೊಸ್ತಿಲು, ಒಂದೊಂದೂ ಒಂಬತ್ತು ಸೆಂಟಿಮೀಟರ್. ಸಣ್ಣ ಗಾಲಿ ಅದನ್ನು ಹತ್ತುವುದಿಲ್ಲ. ಅಮ್ಮ ಒಬ್ಬರೇ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ದಾಟಿಸುವಂತಿರಬೇಕು. ಬಾಗಿಲಿನ ಅಗಲ ಅಳೆದರು. ಅಮ್ಮ ಎತ್ತಬಹುದಾದ ಭಾರ ಎಷ್ಟು ಅಂತ ತಿಳಿಯಲು ಅಕ್ಕಿ ಚೀಲ ಎತ್ತಿಸಿ ನೋಡಿದರು.

ಮಗುವಿನ ಅಳತೆಯನ್ನು ಮಾತ್ರ ತಾವೇ ತೆಗೆಯಲಿಲ್ಲ. ಮಗು ಹೋಗುವ ಬಡ್ಸ್ ಶಾಲೆಗೆ (ಕೇರಳದಲ್ಲಿ ವಿಶೇಷ ಮಕ್ಕಳಿಗಾಗಿ ಇರುವ ಶಾಲೆ) ಬರುವ ಫಿಸಿಯೋಥೆರಪಿಸ್ಟ್ ತೆಗೆದುಕೊಟ್ಟರು. ಸೊಂಟದ ಹಿಂಭಾಗದಿಂದ ಮಂಡಿಯ ಹಿಂಭಾಗದ ತನಕ 31 ಸೆಂಟಿಮೀಟರ್ ಬಂತು. ಆಸನದ ಆಳ ಅಷ್ಟೇ ಇಡಬಾರದು, ಮೂರರಿಂದ ಆರು ಸೆಂಟಿಮೀಟರ್ ಕಡಿಮೆ ಇರಬೇಕು ಅಂದರು. ಇಲ್ಲದಿದ್ದರೆ ಅಂಚು ಮಂಡಿಯ ಹಿಂದೆ ಒತ್ತುತ್ತದೆ, ಮಗು ಮುಂದಕ್ಕೆ ಜಾರುತ್ತದೆ, ಬೆನ್ನು ಬಾಗುತ್ತದೆ. 27 ಅಂತ ತೀರ್ಮಾನವಾಯಿತು. ಸೊಂಟ, ಮಂಡಿ, ಪಾದ ಮೂರೂ ಸುಮಾರು 90 ಡಿಗ್ರಿಯಲ್ಲಿ ನಿಲ್ಲಬೇಕು, ಪಾದದ ಕೆಳಗೆ ಹಲಗೆ ಬೇಕು, ತೊಡೆಗಳ ನಡುವೆ ಮೆತ್ತನೆಯ ಗೂಟ ಬೇಕು ಅಂತ ಅವರೇ ಚಿತ್ರ ಬರೆದು ತೋರಿಸಿದರು. ಊಟದ ಹೊತ್ತಿನಲ್ಲೂ ಊಟವಾದ ಮೇಲೂ ಮಗು ನೆಟ್ಟಗೆ ಕೂತಿದ್ದರೆ ಅನ್ನ ಶ್ವಾಸನಾಳಕ್ಕೆ ಹೋಗುವ ಭಯ ಕಡಿಮೆ ಅನ್ನುವುದು ಮಕ್ಕಳಿಗೆ ಗೊತ್ತಾದದ್ದು ಆಗಲೇ. ಮೊದಲ ಅರ್ಜಿಯ ಸೆನ್ಸರು ಹೇಳಲಾಗದ್ದನ್ನು ಅವರು ಹತ್ತು ನಿಮಿಷದಲ್ಲಿ ಹೇಳಿಬಿಟ್ಟರು.

ಇದಾದ ಮೇಲೆ ಅಳೆಯುವ ಪ್ರಶ್ನೆಗೂ ಉತ್ತರ ಸಿಕ್ಕಿತು. ಮೂರೇ ಸಂಗತಿ ಇಟ್ಟುಕೊಂಡರು: ಜಾರದೆ ಎಷ್ಟು ಹೊತ್ತು ಕೂರುತ್ತದೆ, ಒಂದು ಊಟಕ್ಕೆ ಎಷ್ಟು ಹೊತ್ತು ಬೇಕು, ಅಮ್ಮನ ಎರಡೂ ಕೈ ಬಿಡುವಾಗಿ ಎಷ್ಟು ಹೊತ್ತು ಸಿಗುತ್ತದೆ. ಕುರ್ಚಿ ಬರುವ ಮೊದಲಿನ ಲೆಕ್ಕವನ್ನೂ ಬರೆದಿಟ್ಟರು. ಮೊದಲಿನ ಲೆಕ್ಕ ಇಲ್ಲದಿದ್ದರೆ ಆಮೇಲೆ ಏನು ಹೇಳಿದರೂ ಬಾಯಿಮಾತು.

ಫೋಟೋ ವಿಷಯದಲ್ಲಿ ನಾನು ಗಟ್ಟಿಯಾಗಿ ನಿಂತೆ. ಕಾಸರಗೋಡಿನ ಕಾಯಿಲೆಯ ಮಕ್ಕಳ ಮುಖಗಳು ಲೋಕವೆಲ್ಲ ತಿರುಗಿವೆ. ಆ ಚಿತ್ರಗಳಿಂದ ಹೋರಾಟಕ್ಕೆ ಬಲ ಬಂದದ್ದು ನಿಜ. ಆದರೆ ಒಂದು ಕುರ್ಚಿಯ ಹಣಕ್ಕಾಗಿ ಈ ಮಗು ತನ್ನ ಮುಖ ಕೊಡಬೇಕಾಗಿಲ್ಲ. ಅರ್ಜಿಯಲ್ಲಿ ಹಾಕಿದ್ದು ಹೊಸ್ತಿಲಿನ, ಜಗಲಿಯ, ಹಳೆಯ ಗಾಲಿಕುರ್ಚಿಯ ಚಿತ್ರ ಮತ್ತು ಅಳತೆಯ ರೇಖಾಚಿತ್ರ. ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಓದಿ ಹೇಳಿ ಸಹಿ ತೆಗೆದುಕೊಂಡರು. ಯಾವಾಗ ಬೇಕಾದರೂ ಬೇಡ ಅನ್ನಬಹುದು, ಆಗಲೂ ಕುರ್ಚಿ ನಿಮ್ಮದೇ ಅನ್ನುವ ಸಾಲು ಅದರಲ್ಲಿತ್ತು.

ನಲವತ್ತು ಸಾವಿರದ ಲೆಕ್ಕ

ಎರಡನೇ ಅರ್ಜಿ ನಾಲ್ಕು ಪುಟ. ಅದರ ಜೀವ ಬಜೆಟ್ಟಿನಲ್ಲಿತ್ತು. ಮೊದಲ ಕುರ್ಚಿ ಸರಿಯಾಗುವುದಿಲ್ಲ ಅಂತ ಅದರಲ್ಲೇ ಒಪ್ಪಿಕೊಂಡಿದ್ದರು. ಮೂರು ಸಲ ಮಾಡುತ್ತೇವೆ, ಪ್ರತಿ ಸಲ ಮನೆಯಲ್ಲಿ ಎರಡು ವಾರ ಇಟ್ಟು ನೋಡುತ್ತೇವೆ, ತಪ್ಪನ್ನು ಬರೆದುಕೊಂಡು ಮುಂದಿನದನ್ನು ಮಾಡುತ್ತೇವೆ ಅಂತ ಬರೆದರು. ಮೂರು ಕುರ್ಚಿಯ ಪ್ಲೈವುಡ್, ಅಡಿಕೆ ಮರದ ಸೀಳು, ಸ್ಕ್ರೂ, ಬಣ್ಣಕ್ಕೆ 12,000. ಫೋಮ್, ಬಟ್ಟೆ, ಬೆಲ್ಟಿಗೆ 6,500. ಬಡಗಿ ಮತ್ತು ವೆಲ್ಡಿಂಗ್ ಕೂಲಿ 9,000. ಫಿಸಿಯೋಥೆರಪಿಸ್ಟಿಗೆ ಗೌರವಧನ 4,000. ಬಸ್ಸು ಆಟೋಗೆ 3,500. ಪ್ರಯೋಗದ ದಿನಗಳಲ್ಲಿ ಅಮ್ಮನ ಬೀಡಿ ಕೆಲಸ ನಿಲ್ಲುವುದಕ್ಕೆ 2,000. ಒಂದು ವರ್ಷದ ರಿಪೇರಿಗೆ 3,000.

ವಿದ್ಯಾರ್ಥಿಗಳು ಬಜೆಟ್ ಬರೆಯುವಾಗ ಸಾಮಾನಿನ ಬೆಲೆ ಬರೆದು ನಿಲ್ಲಿಸಿಬಿಡುತ್ತಾರೆ. ಹೋಗಿ ಬರುವ ಖರ್ಚು ತಮ್ಮ ಕಿಸೆಯಿಂದ ಅಂತ ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ. ಕಿಸೆಯಲ್ಲಿ ಹಣ ಇಲ್ಲದ ವಿದ್ಯಾರ್ಥಿ ಆಗ ಮನೆಗೆ ಹೋಗುವುದನ್ನೇ ಕಡಿಮೆ ಮಾಡುತ್ತಾನೆ, ಕೆಲಸ ಕಾಲೇಜಿನ ಲ್ಯಾಬಿನೊಳಗೆ ಉಳಿದುಬಿಡುತ್ತದೆ. ಬಸ್ಸಿನ ಖರ್ಚು ಕೇಳುವುದಕ್ಕೆ ನಾಚಿಕೆ ಬೇಡ. ಮಾಡಿ ಮುರಿದು ಮತ್ತೆ ಮಾಡುವ ಖರ್ಚನ್ನು ಕೇಳುವುದಕ್ಕಂತೂ ಬೇಡವೇ ಬೇಡ. ಸಣ್ಣ ಅನುದಾನ ಇರುವುದೇ ಅದಕ್ಕೆ.

ಮಂಜೂರಾದದ್ದು 35,000. ಅಮ್ಮನ ಕೂಲಿ ನಷ್ಟದ ಸಾಲನ್ನೂ ರಿಪೇರಿಯ ಸಾಲನ್ನೂ ಹೊಡೆದುಹಾಕಿದ್ದರು. ಮೊದಲ ಕಂತು 21,000, ಉಳಿದ 14,000 ಖರ್ಚಿನ ಲೆಕ್ಕ ಒಪ್ಪಿಸಿದ ಮೇಲೆ. ಹಣ ಬರುವುದು ಕಾಲೇಜಿನ ಖಾತೆಗೆ. ಅಲ್ಲಿಂದ ತೆಗೆಯಲು ಗೈಡ್, ವಿಭಾಗ ಮುಖ್ಯಸ್ಥರು, ಪ್ರಿನ್ಸಿಪಾಲ್, ಅಕೌಂಟ್ಸ್ ಅಂತ ಸಹಿ ಮೇಲೆ ಸಹಿ. ಅದು ಮುಗಿಯುವಷ್ಟರಲ್ಲಿ ಏಳನೇ ಸೆಮಿಸ್ಟರ್ ಮುಗಿದಿತ್ತು. ಕೊನೆಯ ವರ್ಷದವರು ಮಾತ್ರ ಇದ್ದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಎರಡನೇ ಅರ್ಜಿ ಹಾಕುವಾಗಲೇ ಕೆಳಗಿನ ವರ್ಷದ ಇಬ್ಬರನ್ನು ಸೇರಿಸಿಕೊಂಡದ್ದು ಇಲ್ಲಿ ಕೈಹಿಡಿಯಿತು.

ಬಿಲ್ಲಿನ ತೊಂದರೆ ಬೇರೆಯೇ. ಜಿಎಸ್‌ಟಿ ಬಿಲ್ ಇಲ್ಲದಿದ್ದರೆ ಹಣ ಕೊಡುವುದಿಲ್ಲ ಅಂತ ಅಕೌಂಟ್ಸಿನಲ್ಲಿ ಹೇಳಿದರು. ಬಡಗಿಗೂ ವೆಲ್ಡಿಂಗ್ ಅಂಗಡಿಯವರಿಗೂ ಜಿಎಸ್‌ಟಿ ನಂಬರ್ ಇಲ್ಲ. ಇರಬೇಕಾಗಿಯೂ ಇಲ್ಲ. ಸೇವೆಗೆ ವರ್ಷಕ್ಕೆ 20 ಲಕ್ಷ, ಸಾಮಾನಿನ ಮಾರಾಟಕ್ಕೆ 40 ಲಕ್ಷದ ಒಳಗೆ ವಹಿವಾಟು ಇರುವವರು ಸಾಮಾನ್ಯವಾಗಿ ನೋಂದಣಿ ಮಾಡಬೇಕಾಗಿಲ್ಲ. ಅಂಗಡಿಯ ಹೆಸರು, ವಿಳಾಸ, ದಿನಾಂಕ, ಕೆಲಸದ ವಿವರ, ಸಹಿ ಇರುವ ಸಾದಾ ಬಿಲ್ಲು ಸಾಕೋ ಅಂತ ಹಣ ಕೊಡುವವರಿಗೇ ಮೇಲ್ ಬರೆದು ಕೇಳಿದರು. ಸಾಕು ಅಂತ ಉತ್ತರ ಬಂತು. ಆ ಇಮೇಲಿನ ಪ್ರಿಂಟನ್ನು ಫೈಲಿಗೆ ಹಾಕಿದ ಮೇಲೆ ತಕರಾರು ಇರಲಿಲ್ಲ. ಇದನ್ನು ಕೆಲಸ ಮಾಡಿಸುವ ಮೊದಲೇ ಕೇಳಿದರೆ ಎಲ್ಲರಿಗೂ ಸುಲಭ. ಕೇಂದ್ರ ಸರ್ಕಾರದ ಹಣವಾದರೆ ಕೊನೆಗೆ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಬಿಲ್ಲುಗಳನ್ನು ಮೊದಲ ದಿನದಿಂದಲೇ ಜೋಡಿಸಿ ಇಡಬೇಕು.

ಮೂರು ಕುರ್ಚಿಗಳು

ಮೊದಲನೆಯದು ಸಾದಾ ಪ್ಲೈವುಡ್, ಮೇಲೆ ರೆಕ್ಸಿನ್ ಹೊದಿಸಿದ ಫೋಮ್. ಕೂತ ಸ್ವಲ್ಪ ಹೊತ್ತಿಗೇ ಮಗುವಿನ ಬೆನ್ನು ಬೆವರಿ ಕೆಂಪಾಯಿತು. ಎರಡನೆಯದಕ್ಕೆ ಹತ್ತಿ ಬಟ್ಟೆಯ ಹೊದಿಕೆ, ಹಿಂದೆ ಎರಡು ಗಾಲಿ, ಮುಂದೆ ಅಡಿಕೆ ಮರದ ಜಾರುಕಾಲು. ಹೊಸ್ತಿಲು ದಾಟಿತು. ಆದರೆ ಜೂನ್ ಬಂತು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಫೋಮ್ ತೇವ ಹಿಡಿದು ಬೂಸ್ಟು ಬಂತು, ಪ್ಲೈವುಡ್ಡಿನ ಅಂಚು ಬಿಚ್ಚಿಕೊಂಡಿತು. ಬೇಸಿಗೆಯಲ್ಲಿ ವರದಿ ಬರೆದು ಮುಗಿಸಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಮೂರನೆಯದನ್ನು ನೀರು ತಡೆಯುವ ಐಎಸ್ 710 ದರ್ಜೆಯ ಮೆರೈನ್ ಪ್ಲೈಯಲ್ಲಿ ಮಾಡಿದರು. ಆಸನಕ್ಕೆ ಹಗ್ಗದ ಮಂಚದ ಹಾಗೆ ನೈಲಾನ್ ಪಟ್ಟಿ ಹೆಣೆದರು, ಮೇಲೆ ತೆಗೆದು ಒಗೆಯಬಹುದಾದ ತೆಳು ಹಾಸು. ಪಟ್ಟಿ ಹೆಣೆಯುವ ಯೋಚನೆ ಮಗುವಿನ ಅಪ್ಪನದು. ವರದಿಯಲ್ಲಿ ವಿನ್ಯಾಸಕಾರರ ಸಾಲಿನಲ್ಲಿ, ಒಪ್ಪಿಗೆ ಕೇಳಿ, ಅವರ ಹೆಸರನ್ನೂ ಹಾಕಿದರು.

ಮೊದಲು ಐದು ನಿಮಿಷಕ್ಕೇ ಜಾರುತ್ತಿದ್ದ ಮಗು ಈಗ ಅರ್ಧ ಗಂಟೆ ಕೂರುತ್ತದೆ. ಅಷ್ಟು ಹೊತ್ತು ಅಮ್ಮನ ಎರಡೂ ಕೈ ಬಿಡುವು. ಊಟದ ಹೊತ್ತು ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿದಿದೆ. ಅದನ್ನೂ ಹಾಗೇ ಬರೆದು ಕಳಿಸಿದರು. ಎರಡನೇ ಕಂತು ತಡವಿಲ್ಲದೆ ಬಂತು.

ಪ್ರಯಾಣದ ಸಾಲಿನಲ್ಲಿ ಸ್ವಲ್ಪ ಹಣ ಉಳಿದಿತ್ತು. ಅದನ್ನು ರಿಪೇರಿಗೆ ಬಳಸಲು ಅನುಮತಿ ಕೇಳಿದರು, ಸಿಕ್ಕಿತು. ಲಿಖಿತ ಅನುಮತಿ ಇಲ್ಲದೆ ಒಂದು ಸಾಲಿನ ಹಣವನ್ನು ಇನ್ನೊಂದಕ್ಕೆ ತಿರುಗಿಸಬಾರದು. ಅಮ್ಮನ ಕೂಲಿಗೆ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ, ನಮ್ಮ ವಿಭಾಗದವರೇ ಸೇರಿ ಕೊಟ್ಟೆವು. ಇದು ಬದಲಾಗಬೇಕು. ಪರಿಣತರ ಒಂದು ಗಂಟೆಗೆ ಗೌರವಧನ ಇರುವಾಗ, ತನ್ನ ದುಡಿಮೆ ನಿಲ್ಲಿಸಿ ಮಕ್ಕಳಿಗೆ ಕಲಿಸಿದ ಅಮ್ಮನ ದಿನಕ್ಕೂ ಬೆಲೆ ಇರಬೇಕು. ಕೊನೆಯ ವರದಿಯ ಸಲಹೆಗಳಲ್ಲಿ ತಂಡ ಇದನ್ನೇ ಮೊದಲು ಬರೆಯಿತು.

ಮಗು ಬೆಳೆಯುತ್ತಿದೆ. ಬೆನ್ನಿನ ಹಲಗೆಯಲ್ಲಿ, ಪಾದದ ಹಲಗೆಯಲ್ಲಿ ಎರಡೆರಡು ಸೆಂಟಿಮೀಟರಿಗೆ ತೂತು ಕೊರೆದಿರುವುದರಿಂದ ಸ್ವಲ್ಪ ಕಾಲ ಹೊಂದಿಸಿಕೊಳ್ಳಬಹುದು. ಹಲಗೆಗಳ ಅಚ್ಚು ಬಡಗಿಯ ಹತ್ತಿರ ಇದೆ, ಚಿತ್ರಗಳ ಒಂದು ಪ್ರತಿ ಬಡ್ಸ್ ಶಾಲೆಯಲ್ಲಿದೆ. ಕೆಳಗಿನ ವರ್ಷದಲ್ಲಿದ್ದ ಆ ಇಬ್ಬರು ಈಗ ಕೊನೆಯ ವರ್ಷಕ್ಕೆ ಬಂದಿದ್ದಾರೆ. ಅದೇ ಶಾಲೆಯ ಇನ್ನು ನಾಲ್ಕು ಮಕ್ಕಳಿಗೆ ಕುರ್ಚಿ ಮಾಡಲು ಹೊಸ ಅರ್ಜಿ ಬರೆಯುತ್ತಿದ್ದಾರೆ. ಅದರ ಬಜೆಟ್ಟಿನ ಮೊದಲ ಸಾಲು ಈ ಮಗುವಿನ ಕುರ್ಚಿಯ ರಿಪೇರಿ, ಎರಡನೆಯದು ಅಮ್ಮಂದಿರ ಕೂಲಿ.